ಪೀಠದ ಋಣ

ಅಧಿಕಾರಪೀಠದಲ್ಲಿ ಕುಳಿತವನು ಯಾರ ಋಣದಲ್ಲಿದ್ದಾನೆ ಎಂಬುದು ಮೇಲ್ನೋಟಕ್ಕೆ ರಾಜನೀತಿಯ ಪ್ರಶ್ನೆ. ಮೂಲದಲ್ಲಿ ಅದು ಧರ್ಮದ ಪ್ರಶ್ನೆ. ದಿಲ್ಲಿಯಲ್ಲಿ ಯಾರಿಗಾದರೂ ಉನ್ನತ ಪದವಿ ದೊರೆತಾಗ "ಇದರ ಹಿಂದೆ ಹೊರದೇಶದ ಕೈವಾಡವಿದೆ" ಎಂದು ಅಗಸಿಕಟ್ಟೆಯ ಮೇಲೆ ಕುಳಿತವರು ನುಡಿಯುವುದನ್ನು ನೀವು ಕೇಳಿದ್ದೀರಿ. ಮಠದಲ್ಲಿ ಓದಿ ಈಗ ದೂರದ ಊರುಗಳಲ್ಲಿ ಉದ್ಯೋಗದಲ್ಲಿರುವ ಶಿಷ್ಯರೂ ನಮ್ಮಲ್ಲಿ ಈ ಮಾತೆತ್ತುವುದುಂಟು. ಇಂತಹ ಸಂಶಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ದೋಷವೇ, ಅಥವಾ ಅದನ್ನು ಕೇಳದೆ ಸುಮ್ಮನಿರುವುದು ಪ್ರಮಾದವೇ? ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸೀಮೆಯವರಿಗೆ ಇದು ದೂರದ ಚರ್ಚೆಯಲ್ಲ. ಈ ನೆಲವೇ ಒಮ್ಮೆ ಅಂತಹ ಪೀಠದ ಸಾಲಕ್ಕೆ ಒತ್ತೆ ಬಿದ್ದಿತ್ತು.

ಹೈದರಾಬಾದ್ ಸಂಸ್ಥಾನದಲ್ಲಿ 1808ರಿಂದ 1843ರವರೆಗೆ ಆಡಳಿತದ ಸೂತ್ರ ಹಿಡಿದಿದ್ದ ಪೇಶಕಾರ ಚಂದೂಲಾಲರು ಹೆಸರಿಗೆ ನಿಜಾಮರ ಸೇವಕರು. ಅವರನ್ನು ಅಷ್ಟುಕಾಲ ಸ್ಥಾನದಲ್ಲಿ ನಿಲ್ಲಿಸಿದ್ದು ಬ್ರಿಟಿಷ್ ರೆಸಿಡೆಂಟರ ಒತ್ತಾಸೆ. ಒತ್ತಾಸೆಯೆಂದರೆ ಪುಕ್ಕಟೆಯಲ್ಲವಷ್ಟೆ! ರೆಸಿಡೆಂಟ್ ಹೆನ್ರಿ ರಸೆಲ್ ಅವರ ಕಾಲದಲ್ಲಿ ಕಟ್ಟಿದ ಪಡೆಗೆ ಆಂಗ್ಲ ಅಧಿಕಾರಿಗಳು ಅಪ್ಪಣೆ ಕೊಡುವವರು, ನಿಜಾಮರ ಬೊಕ್ಕಸ ಸಂಬಳ ಕೊಡುವುದು. ಬೊಕ್ಕಸ ಸಾಲದೆ ಹೋದಾಗ ಪಾಮರ್ ಕಂಪನಿಯ ಭಾರಿ ಬಡ್ಡಿಯ ಸಾಲ ಬಂದಿತು. ಹೀಗೆ ಬಾಕಿ ಬೆಳೆಯುತ್ತ ಹೋಗಿ, 1853ರ ಮೇ ತಿಂಗಳ ಒಪ್ಪಂದದಲ್ಲಿ ಡಾಲ್‌ಹೌಸಿಯು ಬಿರಾರಿನೊಡನೆ ರಾಯಚೂರು ದೋಆಬನ್ನೂ ಆ ಪಡೆಯ ಖರ್ಚಿಗೆಂದು ವಶಪಡಿಸಿಕೊಂಡನು. ಪಡೆಯ ದಂಡು ಇದ್ದುದು ನಮ್ಮ ಲಿಂಗಸುಗೂರಿನಲ್ಲಿಯೇ. 1860ರಲ್ಲಿ ದೋಆಬು ನಿಜಾಮರಿಗೆ ಮರಳಿತು. ಎರೆಹೊಲದಲ್ಲಿ ಜೋಳ ಬಿತ್ತಿದ ರೈತನು ಚಂದೂಲಾಲರ ಮುಖವನ್ನೂ ಕಂಡವನಲ್ಲ; ಆದರೂ ಆ ಪೀಠದ ಋಣ ಅವನ ಹೊಲದ ಬದುವಿಗೆ ಬಂದು ಮುಟ್ಟಿತು.

ಇಷ್ಟಕ್ಕೆ ನಿಲ್ಲಿಸಿದರೆ ವಿಚಾರ ಸುಲಭವಾಗುತ್ತಿತ್ತು. ಆದರೆ ಅದೇ 1853ರಲ್ಲಿ ದಿವಾನರಾದ ಸಾಲಾರ್ ಜಂಗರನ್ನು ನೋಡಿರಿ. ಅವರನ್ನು ತೆಗೆಯಬೇಕೆಂದು ನಿಜಾಮ ಅಫ್ಜಲ್ ಉದ್ದೌಲರು ಬಯಸಿದಾಗ ಉಳಿಸಿದವರು ರೆಸಿಡೆಂಟರೇ. ಹಾಗಾದರೆ ಅವರೂ ಪರರ ಕೈಗೊಂಬೆಯೇ? ಕಂದಾಯವನ್ನು ಗುತ್ತಿಗೆಗೆ ಹರಾಜು ಹಾಕುವ ಪದ್ಧತಿಯನ್ನು ನಿಲ್ಲಿಸಿ ಸಂಬಳದ ಅಧಿಕಾರಿಗಳನ್ನು ನಿಯಮಿಸಿದವರು ಅವರು; 1865ರ ಜಿಲ್ಲಾಬಂದಿ ಅವರದು. ತಮ್ಮನ್ನು ಉಳಿಸಿದ ಬ್ರಿಟಿಷರೊಡನೆಯೇ ಬಿರಾರನ್ನು ಮರಳಿಸಿರೆಂದು ಕೊನೆಯವರೆಗೂ ವಾದಿಸಿದರು. 1876ರಲ್ಲಿ ಲಂಡನ್ನಿಗೂ ಹೋಗಿಬಂದರು. ಉಪಕಾರ ಮಾಡಿದವನ ಎದುರಿನಲ್ಲಿ ನಿಂತು "ಇದು ನಮ್ಮದು" ಎನ್ನಬಲ್ಲ ಮನುಷ್ಯನಲ್ಲಿ ಋಣವು ದಾಸ್ಯವಾಗಿಲ್ಲ.

ಇನ್ನು ನಮ್ಮ ಹಿರಿಯರ ಜ್ಞಾಪಕಕ್ಕೆ ಸೇರಿದ ಕಾಲ. 1926ರಲ್ಲಿ ವೈಸರಾಯ್ ರೀಡಿಂಗ್ ಅವರು ನಿಜಾಮರಿಗೆ ಕಟುವಾದ ಪತ್ರ ಬರೆದು ಸಾರ್ವಭೌಮತ್ವ ಯಾರದೆಂದು ತಿಳಿಸಿದ ಮೇಲೆ ರೆವಿನ್ಯೂ, ಪೋಲೀಸು ಖಾತೆಗಳಿಗೆ ಆಂಗ್ಲ ಅಧಿಕಾರಿಗಳು ಬಂದರು. 1946ರಲ್ಲಿ ಪ್ರಧಾನಮಂತ್ರಿಯಾದ ಸರ್ ಮಿರ್ಜಾ ಇಸ್ಮಾಯಿಲರು ಬೆಂಗಳೂರಿನವರು, ಮೈಸೂರಿನ ದಿವಾನರಾಗಿದ್ದವರು, ಹೈದರಾಬಾದಿಗೆ ಹೊರಗಿನವರೇ. ಜಿನ್ನಾ ಅವರೂ ಇತ್ತೆಹಾದ್ ಪಕ್ಷದವರೂ ಅವರ ನೇಮಕವನ್ನು ವಿರೋಧಿಸಿದರು. ಮರುವರ್ಷವೇ ಅವರು ಪದವಿ ಬಿಟ್ಟರು. ಅವರ ಬಳಿಕ ಬಂದ ಛತ್ತಾರಿ ನವಾಬರ ಮನೆಯನ್ನು 1947ರ ಅಕ್ಟೋಬರದಲ್ಲಿ ಗುಂಪು ಮುತ್ತಿತು, ಅವರೂ ಹೋದರು. ನವೆಂಬರ ಕೊನೆಗೆ ಆ ಪೀಠವೇರಿದ ಮೀರ್ ಲಾಯಕ್ ಅಲಿ ಅದೇ ಸಂಸ್ಥಾನದ ಉದ್ಯಮಿ; ಆದರೆ ಅದೇ ವರ್ಷ ವಿಶ್ವಸಂಸ್ಥೆಯಲ್ಲಿ ಪಾಕಿಸ್ತಾನದ ಪ್ರತಿನಿಧಿಮಂಡಲದಲ್ಲಿ ಇದ್ದವರು. ಜಿನ್ನಾ ಅವರ ಅನುಮತಿಯಿಲ್ಲದೆ ಈ ನೇಮಕವಾಗಲಿಲ್ಲವೆಂಬ ಸಂಶಯ ದಿಲ್ಲಿಯಲ್ಲಿ ಬಲವಾಯಿತು. ನಿಜಾಮ ಸರಕಾರವು ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟ ಸಂಗತಿ ಹೊರಬಿದ್ದಾಗ ಅದು ಇನ್ನೂ ದೃಢವಾಯಿತು. ನಮ್ಮ ಅಭಿಪ್ರಾಯದಲ್ಲಿ ಆ ಸಂಶಯವು ನ್ಯಾಯವಾದದ್ದೇ.

ಈಗ ಈ ನಾಲ್ವರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿರಿ. ಹುಟ್ಟಿದ ಊರನ್ನು ಅಳತೆಗೋಲು ಮಾಡಿದರೆ ಲಾಯಕ್ ಅಲಿಯವರು ಸರಿ, ಮಿರ್ಜಾ ಅವರು ತಪ್ಪು ಎನ್ನಬೇಕಾಗುತ್ತದೆ. ಸಹಾಯ ಮಾಡಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಚಂದೂಲಾಲರಿಗೂ ಸಾಲಾರ್ ಜಂಗರಿಗೂ ಭೇದವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈತನು ಯಾರ ಮುನಿಸಿಗೆ ಅಂಜಿ ಯಾವ ಮಾತನ್ನು ಆಡದೆ ಬಿಟ್ಟನು? ಜಾತಕದಲ್ಲಿ ಇದಕ್ಕೆ ಉತ್ತರವಿಲ್ಲ, ಕಡತದಲ್ಲಿದೆ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆಯೂ, ರಾಜನ ಹಣವನ್ನು ಜಂಗಮರಿಗೆ ವೆಚ್ಚ ಮಾಡಿದರೆಂದು ದೂರು ಹೋಯಿತೆಂದು ಪುರಾಣಗಳು ಹೇಳುತ್ತವೆ. ಅವರು ದೂರಿದವರ ಕುಲಗೋತ್ರ ಕೆದಕಲಿಲ್ಲ. ಭಂಡಾರ ತೆರೆಸಿ ಎಣಿಸಿರೆಂದರು. ನಮ್ಮ ಸಂವಿಧಾನವು ಇದೇ ದಾರಿ ಹಿಡಿದಿದೆ. ಪದವಿಯಲ್ಲಿರುವವನು ರಾಷ್ಟ್ರಪತಿಗಳ ಸಮ್ಮತಿಯಿಲ್ಲದೆ ಪರರಾಜ್ಯದಿಂದ ಕಾಣಿಕೆ, ವೇತನ, ಹುದ್ದೆ ಯಾವುದನ್ನೂ ಪಡೆಯಬಾರದೆಂದು 18ನೆಯ ಅನುಚ್ಛೇದ. ಪರರಾಜ್ಯಕ್ಕೆ ನಿಷ್ಠೆ ಒಪ್ಪಿಕೊಂಡವನು ಸಂಸತ್ತಿನಲ್ಲಿ ಇರಲಾಗದೆಂದು 102ನೆಯದು. ಎರಡೂ ಕೃತ್ಯವನ್ನು ವಿಚಾರಿಸುತ್ತವೆ. ಮಸ್ಕಿಯ ಬಂಡೆಯೂ ನೆನಪಿಗೆ ಬರುತ್ತದೆ. ದೇವಾನಾಂಪ್ರಿಯನೆಂಬ ಬಿರುದಿನ ಮರೆಯಲ್ಲಿದ್ದ ಅರಸನ ಅಶೋಕನೆಂಬ ಸ್ವಂತ ಹೆಸರನ್ನು 1915ರಲ್ಲಿ ಲೋಕಕ್ಕೆ ತಿಳಿಸಿದ್ದು ಅದು. ಅಪ್ಪಣೆ ಕೊಟ್ಟವನ ಹೆಸರು ಬಯಲಿನಲ್ಲಿ ಕಾಣಿಸಬೇಕು.

ಆದರೆ ಸಂಶಯಕ್ಕೆ ಒಂದು ಕೆಟ್ಟ ಸ್ವಭಾವವಿದೆ: ಪೀಠವು ಕೈಗೆ ಸಿಗದಾಗ ಅದು ಪಕ್ಕದ ಮನೆಯ ಕದ ತಟ್ಟುತ್ತದೆ. ರಜಾಕಾರರ ಹಾವಳಿಯಿಂದ ಊರು ಬಿಟ್ಟು ಗಡಿಯಾಚೆಯ ಮುಂಡರಗಿ, ಗಜೇಂದ್ರಗಡದ ಕಡೆ ಹೋದವರ ಸಂಕಟವನ್ನು ನೀವು ಮನೆಗಳಲ್ಲಿ ಕೇಳಿ ಬೆಳೆದಿದ್ದೀರಿ. ಅದು ನಿಜ. 1948ರ ಸೆಪ್ಟೆಂಬರ 13ರಿಂದ 17ರ ತನಕ ನಡೆದ ಪೋಲೀಸ್ ಕಾರ್ಯಾಚರಣೆಯ ಸಮಯದಲ್ಲಿಯೂ ಅನಂತರದಲ್ಲಿಯೂ ಆದುದನ್ನು ಮನೆಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ, ಅದೂ ನಿಜ. ಭಾರತ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಸಂಸ್ಥಾನದಲ್ಲಿ 27ರಿಂದ 40 ಸಾವಿರ ಜನರು ಹತರಾದರೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ನೆರೆಯ ಗುಲಬರ್ಗಾ, ಬೀದರ ಎರಡು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಸತ್ತವರಲ್ಲಿ ಎಷ್ಟು ಮಂದಿಗೆ ವಿಶ್ವಸಂಸ್ಥೆಯ ಹೆಸರಾದರೂ ಗೊತ್ತಿತ್ತು?

ಲಾಯಕ್ ಅಲಿಯವರು 1950ರ ಮಾರ್ಚಿಯಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದರು. ಅವರ ನೇಮಕದಲ್ಲಿ ಯಾವ ಪಾತ್ರವೂ ಇಲ್ಲದಿದ್ದ ಪಿಂಜಾರರು, ಕೂಲಿಯವರು, ಸಣ್ಣ ಹಿಡುವಳಿದಾರರು ಇಲ್ಲಿಯೇ ಉಳಿದರು. ಅವರ ಮೊಮ್ಮಕ್ಕಳು ಇಂದು ನಿಮ್ಮ ನೆರೆಯಲ್ಲಿದ್ದಾರೆ.