ಕಾವೇರಿ ತಾಯಿಗೆ, ಮನೆಯೊಳಗಿಂದ

ತಾಯಿ ಕಾವೇರಿ, ಪೂಜೆಗೆ ಕೂತಾಗ ಕಲಶದ ನೀರಿಗೆ ಗಂಗೆ, ಯಮುನೆ, ಗೋದಾವರಿಯರ ಜೊತೆ ನಿನ್ನನ್ನೂ ಹೆಸರು ಹಿಡಿದು ಕರೆಯುತ್ತೇವೆ. ಬೆಂಗಳೂರಿನ ಮನೆಗಳಲ್ಲಿ ಹಾಗೆ ಕರೆಯುವ ಹೊತ್ತಿಗೆ ನೀನು ಆಗಲೇ ಬಂದಿರುತ್ತೀ: ಸಂಪಿನಲ್ಲಿ, ಮಹಡಿಯ ಟ್ಯಾಂಕಿನಲ್ಲಿ, ಬಚ್ಚಲಿನ ಬಕೆಟ್ಟಿನಲ್ಲಿ. ಕಲಶದಲ್ಲಿ ಕಂಡ ನಿನ್ನನ್ನು ಬಕೆಟ್ಟಿನಲ್ಲೂ ಕಾಣುವ ಬುದ್ಧಿ ಕೊಡು.

ನೀನು ಈ ಊರಿಗೆ ಹರಿದು ಬಂದವಳಲ್ಲ. ಮಳವಳ್ಳಿ ಕಡೆಯ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪಾಗಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ ಹತ್ತಿ ಬರುತ್ತೀ. ಕರೆಂಟು ಹೋದರೆ ನೀನೂ ನಿಲ್ಲುತ್ತೀ. 1974ರಲ್ಲಿ ಮೊದಲ ಹಂತದ ನೀರು ಬಂತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ. ಹಂತಗಳು ಏರುತ್ತಿವೆ, ಹೊಳೆ ಮಾತ್ರ ಅದೇ ಹೊಳೆ.

ಮಳೆ ಕೈಕೊಟ್ಟ ವರ್ಷ ಕನ್ನಂಬಾಡಿ ಕಟ್ಟೆಯ ಮಟ್ಟ ಇಳಿದರೆ ಮಂಡ್ಯದ ನಾಲೆಗೆ ನೀರು ನಿಲ್ಲುತ್ತದೆ. ಗದ್ದೆ ಬಿರಿಯುತ್ತದೆ, ಕಬ್ಬು ಒಣಗುತ್ತದೆ. ಆಗಲೂ ನಮಗೆ ನೀರು ಬರುತ್ತದೆ, ಕುಡಿಯುವ ನೀರಿಗೆ ಮೊದಲ ಹಕ್ಕು ಎಂಬ ಕಾರಣಕ್ಕೆ. ಆ ಹೆಸರಿನಲ್ಲಿ ಪಡೆದದ್ದನ್ನು ಕಾರಿನ ಮೇಲೆ, ಗೇಟಿನ ಮುಂದಿನ ಸಿಮೆಂಟಿನ ಮೇಲೆ ಸುರಿಯುವ ಧೈರ್ಯ ನಮಗೆ ಎಂದೂ ಬಾರದಿರಲಿ. 2024ರ ಮಾರ್ಚಿನಲ್ಲಿ ಜಲಮಂಡಳಿ ಅದಕ್ಕೆ 5,000 ರೂಪಾಯಿ ದಂಡ ಹಾಕಬೇಕಾಯಿತು. ದಂಡದ ಭಯವಿಲ್ಲದ ದಿನವೂ ಕೈ ತಡೆಯುವಂತೆ ಮಾಡು.

ಇನ್ನು ಅಡುಗೆಮನೆ. ಅಕ್ಕಿ ತೊಳೆದ ನೀರು ಹಳ್ಳಿಯಲ್ಲಿ ಕಲಗಚ್ಚಾಗಿ ದನದ ಬಾನಿ ಸೇರುತ್ತಿತ್ತು. ಇಲ್ಲಿ ದನವಿಲ್ಲ, ತುಳಸಿಯಿದೆ, ಕರಿಬೇವಿದೆ. ಮೊದಲ ತೊಳೆತದ ಬೆಳ್ಳನೆಯ ನೀರು ಅವುಗಳ ಬುಡಕ್ಕೆ ಹೋಗಲಿ. ಸೊಪ್ಪನ್ನು ಹರಿಯುವ ನಲ್ಲಿಯ ಕೆಳಗೆ ಹಿಡಿಯದೆ ಅಗಲ ಪಾತ್ರೆಯಲ್ಲಿ ಅದ್ದಿ ತೆಗೆಯುವ ತಾಳ್ಮೆ ಕೊಡು. ಮಣ್ಣು ತಳಕ್ಕೆ ಕೂರುತ್ತದೆ, ಸೊಪ್ಪೂ ಚೊಕ್ಕಟವಾಗುತ್ತದೆ. ಫಿಲ್ಟರಿನ ಹಿಂದಿನಿಂದ ಸಣ್ಣ ಬಿಳಿ ಪೈಪಿನಲ್ಲಿ ಸಿಂಕಿಗೆ ಇಳಿದು ಹೋಗುವ ನೀರನ್ನು ನೋಡುವ ಕಣ್ಣು ಕೊಡು. ಆರ್‌ಒ ಯಂತ್ರ ಒಂದು ಲೀಟರ್ ಕುಡಿಯಲು ಕೊಟ್ಟು ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಅದರಲ್ಲಿ ಉಪ್ಪಿನಂಶ ಹೆಚ್ಚು, ಗಿಡಕ್ಕೆ ಒಗ್ಗದು. ನೆಲ ಒರೆಸಲು, ಕಕ್ಕಸಿಗೆ ಹಾಕಲು ಏನೂ ಅಡ್ಡಿಯಿಲ್ಲ. ಪೈಪಿನ ತುದಿಯನ್ನು ಬಕೆಟ್ಟಿಗೆ ಬಿಟ್ಟರೆ ಮುಗಿಯಿತು.

ಬಚ್ಚಲಲ್ಲಿ ಗೀಸರಿನ ಬಿಸಿನೀರು ಬರುವ ತನಕ ಹರಿಯುವ ತಣ್ಣೀರು ಮೋರಿಗೆ ಹೋಗದಿರಲಿ. ಬಕೆಟ್ ಮೊದಲೇ ನಲ್ಲಿಯ ಕೆಳಗಿರಲಿ. ಹಳೆಯ ಫ್ಲಶ್ ಟ್ಯಾಂಕು ಒಮ್ಮೆ ಒತ್ತಿದರೆ ಹತ್ತು ಲೀಟರಿನಷ್ಟು ನುಂಗುತ್ತದೆ. ಮರಳು ತುಂಬಿ ಬಿರಡೆ ಬಿಗಿದ ಒಂದು ಲೀಟರ್ ಬಾಟಲಿಯನ್ನು ಅದರೊಳಗೆ, ತೇಲುಗುಂಡಿಗೆ ತಾಗದಂತೆ ನಿಲ್ಲಿಸಿದರೆ ಪ್ರತಿ ಸಲ ಒಂದು ಲೀಟರ್ ಉಳಿಯುತ್ತದೆ. ನಾಲ್ಕು ಜನ, ತಲೆಗೆ ಐದು ಸಲ ಅಂದರೂ ದಿನಕ್ಕೆ ಇಪ್ಪತ್ತು ಲೀಟರ್. ಇಷ್ಟು ಸಣ್ಣ ಕೆಲಸ ಮನೆಮನೆಯಲ್ಲಿ ಬಾಕಿ ಉಳಿದಿದೆಯಲ್ಲ ಎಂಬುದೇ ನನ್ನ ಸಂಕಟ, ತಾಯಿ.

ಪಾತ್ರೆ ತೊಳೆಯಲು ಬರುವ ಅಕ್ಕನ ಬೀದಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಕೊಡಗಳನ್ನು ಸಾಲಿಗಿಟ್ಟು ಕಾದು, ಹೊತ್ತು, ಆಮೇಲೆ ನಮ್ಮ ಸಿಂಕಿನ ಮುಂದೆ ನಿಲ್ಲುತ್ತಾರೆ. ನೀರು ಉಳಿಸಿ ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ನಾವು ಉಳಿಸಿದ್ದು ಅವರ ಬೀದಿ ತಲುಪುವಂತೆ ಮಾಡುವುದು ಊರನ್ನು ಆಳುವವರ ಕೆಲಸ. ಅವರಿಗೂ ಆ ಮನಸ್ಸು ಕೊಡು.

ನನ್ನ ಜೊತೆ ಕೈಮುಗಿದವರಲ್ಲಿ ಒಂದೇ ವಿನಂತಿ. ನಿಮ್ಮ ಮನೆಯಲ್ಲಿ ತೊಟ್ಟಿಕ್ಕುವ ನಲ್ಲಿ ಇದ್ದರೆ ಈ ರಾತ್ರಿ ಅದರ ಕೆಳಗೆ ಒಂದು ಚೊಂಬು ಇಡಿ, ಬೆಳಿಗ್ಗೆ ಎಷ್ಟು ತುಂಬಿದೆ ನೋಡಿ. ನಾಳೆಯೇ ಪ್ಲಂಬರನ್ನು ಕರೆಸಿ ವಾಷರ್ ಹಾಕಿಸಿ.