ಕಾನೂನು ತಂದರು

ಹಿಂದಿನ ಓಣಿಯ ಹುಡುಗಿಯೊಬ್ಬಳು ಪಿಯುಸಿ ಪುಸ್ತಕ ಹಿಡಿದುಕೊಂಡು ಬಂದು, "ಮಿಸ್, ಲೆಜಿಸ್ಲೇಟ್ ಅಂದ್ರೆ ಕನ್ನಡದಲ್ಲಿ ಏನು?" ಎಂದು ಕೇಳಿದಳು. ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿ, ಈಗ ಹಾಸನದಲ್ಲಿ ಪಿಂಚಣಿ ತಿನ್ನುತ್ತಿರುವವಳು ನಾನು. "ಕಾನೂನು ಮಾಡೋದು" ಎಂದೆ. ಬರೆದುಕೊಂಡು ಹೋದಳು. ಸಮಾಧಾನವಾಗದೆ ಉಳಿದವಳು ನಾನೇ.

ನಮ್ಮ ಕಡೆ ಯಾರೂ ಕಾನೂನು "ಮಾಡಿದರು" ಅನ್ನುವುದಿಲ್ಲ, "ತಂದರು" ಅನ್ನುತ್ತಾರೆ. 1974ರಲ್ಲಿ ಉಳುವವನೇ ಒಡೆಯ ಅಂತ ದೇವರಾಜ ಅರಸು ಕಾನೂನು ತಂದರು. ಸಂತೆಯಿಂದ ಮೂಟೆ ಹೊತ್ತು ತಂದ ಹಾಗೆ. ತಮಾಷೆಯೆಂದರೆ ಆ ಇಂಗ್ಲಿಷ್ ಪದದ ಬೇರಿನಲ್ಲಿರುವ ಲ್ಯಾಟಿನ್ನೂ ಇದನ್ನೇ ಹೇಳುತ್ತದೆ: ಲೆಜಿಸ್ ಲೇಟರ್, ಕಾನೂನು ಹೊತ್ತು ತಂದವನು. ಇಂಗ್ಲಿಷಿನಲ್ಲಿ ಮೊದಲು ಬಂದವನು ಲೆಜಿಸ್ಲೇಟರ್. ಅವನು ಬಂದು ನೂರು ವರ್ಷದ ಮೇಲೆ, ಇವನಿಗೂ ಒಂದು ಕೆಲಸ ಬೇಕಲ್ಲ ಎಂಬಂತೆ ಕ್ರಿಯಾಪದ ಹುಟ್ಟಿತು. ನಮ್ಮ ಶಾಸಕರ ವಿಷಯ ಇಲ್ಲಿ ಬೇಡ. ಹೊಳೆನರಸೀಪುರದ ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರಲ್ಲಿ, ಅವರ ಸರ್ಕಾರ ಮಹಿಳಾ ಮೀಸಲಾತಿಯ ಮಸೂದೆ ತಂದಿತು. ಆ ಹೊರೆ ಕೆಳಗಿಳಿಯಲು 2023 ಆಗಬೇಕಾಯಿತು.

ನಿಘಂಟು ನೋಡಿದರೆ "ಶಾಸನ ಮಾಡು", "ವಿಧಿಸು" ಎಂದಿದೆ. ನಮ್ಮಜ್ಜಿಗೆ ವಿಧಿಯೆಂದರೆ ಹಣೆಬರಹ. ನನಗೆ ಆ ಪದದ ಇನ್ನೊಂದು ಮುಖ ಕಂಡದ್ದು ಹೊಳೆನರಸೀಪುರದಲ್ಲಿ ಕೆಲಸದಲ್ಲಿದ್ದಾಗ. ಅಲ್ಲಿನ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಕಟ್ಟಿದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದವರು. ಆ ಪುಸ್ತಕಗಳಲ್ಲಿ ಬ್ರಹ್ಮಸೂತ್ರ ಭಾಷ್ಯದ ಮೊದಲ ನಾಲ್ಕು ಸೂತ್ರ ದಾಟಲು ನನಗೆ ಎರಡು ಬೇಸಿಗೆ ರಜೆ ಹಿಡಿಯಿತು. ಮೀಮಾಂಸಕರಿಗೆ ವೇದವೆಂದರೆ ಮುಖ್ಯವಾಗಿ ವಿಧಿ, "ಹೀಗೆ ಮಾಡು" ಎಂಬ ಅಪ್ಪಣೆ. ಶಂಕರರು ಅಲ್ಲಿ ಗೆರೆ ಎಳೆಯುತ್ತಾರೆ. ಮಾಡುವ ಕೆಲಸ ಮಾಡುವವನ ಕೈಯಲ್ಲಿದೆ. ಅರಕಲಗೂಡಿಗೆ ಬಸ್ಸಿನಲ್ಲಿ ಹೋಗಬಹುದು, ಸ್ಕೂಟರಿನಲ್ಲಿ ಹೋಗಬಹುದು, ಹೋಗದೆ ಮನೆಯಲ್ಲೇ ಕೂರಲೂಬಹುದು. (ಅವರು ಹೇಳಿದ್ದು ಕುದುರೆ, ಬಸ್ಸು ನನ್ನದು.) ಅರಿವು ಹಾಗಲ್ಲ, ಅದು ವಸ್ತು ಇದ್ದಂತೆ. ಮಬ್ಬಿನಲ್ಲಿ ಕಂಡದ್ದು ಮೋಟುಮರ ಅಂತ ಗೊತ್ತಾದ ಮೇಲೆ ಅದನ್ನು ಮನುಷ್ಯ ಅಂತ ತಿಳಿ ಎಂದು ಯಾವ ದೊರೆ ಹೇಳಿದರೂ ಆಗದು. ಅರಿವಿನ ಮೇಲೆ ವಿಧಿ ಹಾಕಿದರೆ ಕಲ್ಲಿನ ಮೇಲೆ ಕ್ಷೌರದ ಕತ್ತಿ ಆಡಿಸಿದಂತೆ, ಅಲಗು ಮೊಂಡಾಗುತ್ತದೆ ಎಂಬುದು ಅವರದೇ ಹೋಲಿಕೆ.

ಓದಿ ಹಿಗ್ಗಿದೆ. ಆಮೇಲೆ ಇದೇ ವಾದವನ್ನು ಎಲ್ಲೆಲ್ಲಿ ಕೇಳಿದ್ದೇನೆಂದು ನೆನಪಾಗಿ ಹಿಗ್ಗು ಇಳಿಯಿತು. "ಮನಸ್ಸು ಬದಲಾಗ್ಬೇಕು ಮೇಡಂ, ಕಾನೂನಿಂದ ಏನಾಗುತ್ತೆ?" ಸ್ಟಾಫ್ ರೂಮಿನಲ್ಲಿ ಈ ಮಾತು ಆಡುತ್ತಿದ್ದವರೆಲ್ಲ ಕಾನೂನಿನಿಂದ ಏನೂ ಆಗಬೇಕಿಲ್ಲದವರು. ದೇವಸ್ಥಾನ ಪ್ರವೇಶಕ್ಕೆ ಮೈಸೂರಿನಲ್ಲಿ 1948ರಲ್ಲೇ ಕಾಯ್ದೆ ಬಂದಿತ್ತು. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಂಗಸರು ಗುಡಿಯೊಳಗೆ ಹೋದದ್ದು ಗಲಾಟೆಯಾಗಿ ಪತ್ರಿಕೆಗಳ ತುಂಬ ಬಂತು. ಕತ್ತಿ ಮೊಂಡಾಯಿತು ಎಂದು ಕೈಚೆಲ್ಲುವವರಿಗೆ ಇದೂ ಒಂದು ಸಾಕ್ಷಿ. ಇನ್ನೊಂದು ಕಸಿವಿಸಿಯೂ ಇದೆ. ಜಾತಿಯನ್ನು ಆತ್ಮದ ಮೇಲೆ ಹೊರಿಸಿಕೊಳ್ಳುವುದು ಅಧ್ಯಾಸ, ಅಂದರೆ ಒಂದನ್ನು ಇನ್ನೊಂದೆಂದು ತಿಳಿಯುವ ತಪ್ಪು, ಎಂದು ಶುರುಮಾಡಿದ ಅದೇ ಭಾಷ್ಯ, ಅಪಶೂದ್ರಾಧಿಕರಣವೆಂಬ ಭಾಗಕ್ಕೆ ಬಂದಾಗ ಶೂದ್ರರಿಗೆ ವೇದಾಧ್ಯಯನದ ಅಧಿಕಾರವಿಲ್ಲ ಎನ್ನುತ್ತದೆ. ನಾನು ಆ ಪುಟ ಹಾರಿಸಲಿಲ್ಲ, ಒಪ್ಪಲೂ ಇಲ್ಲ.

ಕಲ್ಲಿಗೆ ಕ್ಷೌರದ ಕತ್ತಿ ನಾಟದು, ಸರಿ. ಉಳಿ ನಾಟುತ್ತದಲ್ಲ? ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಭಂಡಾರಿ ಬಸದಿಯಲ್ಲಿ, 1368ರ ಬುಕ್ಕರಾಯನ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಿದ್ದು, ಜೈನರು ದೊರೆಯ ಹತ್ತಿರ ದೂರು ಒಯ್ದಿದ್ದರು. ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ಹೇಳಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಗೆ ಕೊಟ್ಟ ದೊರೆ ಎಂದು ಮಕ್ಕಳಿಗೆ ಪಾಠ ಮಾಡುತ್ತೇವೆ. ನನಗೆ ರುಚಿಸುವುದು ಅದರ ಮುಂದಿನ ಭಾಗ. ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ಅದನ್ನೆತ್ತುವವರು ತಿರುಮಲೆಯ ತಾತಯ್ಯ, ಅಂದರೆ ವೈಷ್ಣವರ ಕಡೆಯವರು. ಅದರಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಾಳು ಇಡಬೇಕು, ಉಳಿದದ್ದರಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಸಬೇಕು. "ಪ್ರೀತಿಸಿರಿ" ಎಂದು ದೊರೆ ವಿಧಿಸಲಿಲ್ಲ. ಯಾರ ಮೇಲೆ ದೂರು ಬಂದಿತ್ತೋ ಅವರ ಕಡೆಯವರಿಗೇ ಕಾವಲಿನ ಲೆಕ್ಕ, ಸುಣ್ಣದ ಲೆಕ್ಕ ವಹಿಸಿದ. ಕೈಯಿಂದ ಆಗುವ ಕೆಲಸ.

ಇದೆಲ್ಲ ಸೇರಿ ನನಗೆ ನೆನಪಾಗುವುದು ಅರಕಲಗೂಡು ಸೀಮೆಯ ನಮ್ಮ ಹಳ್ಳಿಮನೆ. ಆಲೂಗಡ್ಡೆ ಅಗೆಯಲು ಬರುತ್ತಿದ್ದ ಆಳುಗಳಿಗೆ ಅಜ್ಜಿ ತೆಂಗಿನ ಕರಟದಲ್ಲಿ ಕಾಫಿ ಹುಯ್ಯುತ್ತಿದ್ದರು. ಕರಟ ಜಗಲಿಯ ಗೂಡಿನಲ್ಲಿರುತ್ತಿತ್ತು. 1976ರಲ್ಲಿ ಅಸ್ಪೃಶ್ಯತೆಯ ಕಾಯ್ದೆ ಬಿಗಿಯಾದಾಗ ನಮ್ಮಪ್ಪ ಹೆದರಿದರು. "ಕಾನೂನು ತಂದಿದಾರೆ ಕಣಮ್ಮ, ಕೇಸಾಗುತ್ತೆ." ಅಜ್ಜಿ ಕರಟ ಬಿಸಾಡಿ, ಒಳಗಿದ್ದ ಎಂಟು ಸ್ಟೀಲ್ ಲೋಟಗಳಲ್ಲಿ ಒಂದನ್ನು ಗೂಡಿಗೆ ಇಟ್ಟರು. ಅಷ್ಟೇ. ಲೋಟ ಹೊರಗೇ, ತೊಳೆದಿಡುವುದು ಕುಡಿದವರೇ. ಅವರು ಏನಂದುಕೊಂಡರೋ, ಕೇಳುವ ಬುದ್ಧಿ ನನಗೆ ಆಗ ಇರಲಿಲ್ಲ. ಬಂದಾಗ ಕೇಳುವ ಮುಖ ಇರಲಿಲ್ಲ.

ಕೆಲವು ವರ್ಷ ಕಳೆದು ಚನ್ನರಾಯಪಟ್ಟಣದಿಂದ ತಮ್ಮನ ಹೆಂಡತಿ ಬಂದಳು. ಗೂಡಿನ ವಿಷಯ ಯಾರೂ ಅವಳಿಗೆ ಹೇಳಿರಲಿಲ್ಲ. ಹೊಸ ಸೊಸೆಯ ಉತ್ಸಾಹದಲ್ಲಿ ಮನೆಯ ಪಾತ್ರೆಯನ್ನೆಲ್ಲ ಬೆಳಗಿ ಅಡುಗೆಮನೆಯಲ್ಲಿ ಬೋರಲು ಹಾಕಿದಳು. ಸಂಜೆ ಅಜ್ಜಿ ಗೂಡು ನೋಡಿದರು, ಒಳಗೆ ಬಂದರು.

"ಗೂಡಲ್ಲಿದ್ದ ಲೋಟ ಯಾವುದೇ?"

"ಗೊತ್ತಾಗಲ್ಲ ಅಜ್ಜಿ, ಎಲ್ಲಾ ಒಂದೇ ತರ ಇವೆ."

ಅಜ್ಜಿ ಒಂದೊಂದನ್ನೇ ಎತ್ತಿ, ತಿರುಗಿಸಿ, ದೀಪಕ್ಕೆ ಹಿಡಿದು ನೋಡಿದರು. ಕರಟವಾಗಿದ್ದರೆ ಗುರುತು ಸಿಗುತ್ತಿತ್ತು. ಎಂಟನ್ನೂ ಬಿಸಾಡುವಷ್ಟು ಸಿರಿ ನಮ್ಮದಾಗಿರಲಿಲ್ಲ. ಕೊನೆಗೆ ಕೈಯಲ್ಲಿದ್ದದ್ದನ್ನೇ ಸೊಸೆಯ ಮುಂದೆ ಚಾಚಿ, "ಒಂಚೂರು ನೀರು ಹುಯ್ಯೇ" ಎಂದರು.