ಜೊತೆ ಯಾರಿಗೆ?

ಮನೆಯಲ್ಲಿ ಹತ್ತು ವರ್ಷದ ನಾಯಿಯಿರುವಾಗಲೇ ಎರಡು ತಿಂಗಳ ಮರಿಯೊಂದನ್ನು ತರುವವರು ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ‘ಪಾಪ, ಅದಕ್ಕೂ ಒಂದು ಜೊತೆ ಬೇಕಲ್ಲ.’ ಈ ಮಾತಿನಲ್ಲಿ ಪ್ರೀತಿಯಿದೆ, ಕೊಂಚ ಆತ್ಮವಂಚನೆಯೂ ಇದೆ. ಜೊತೆ ಬೇಕೆಂದು ಹಿರಿಯ ನಾಯಿ ಕೇಳಿರುವುದಿಲ್ಲ. ಅದರ ಮೂತಿ ನರೆಯುವುದನ್ನೂ ಮೆಟ್ಟಿಲು ಹತ್ತುವಾಗ ಹಿಂಗಾಲು ತಡವರಿಸುವುದನ್ನೂ ಕಂಡು ಕಳವಳಗೊಂಡವರು ನಾವು. ನಾಳೆ ಮನೆ ಬಿಕೋ ಎನ್ನುತ್ತದೆಂಬ ಹೆದರಿಕೆಯೂ ನಮ್ಮದೇ. ಮರಿ ತರುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ತಂದದ್ದು ನಮಗಾಗಿ ಎಂದು ಒಪ್ಪಿಕೊಂಡ ಮೇಲೆ ಅದರ ತಾಪತ್ರಯವನ್ನು ಹೊರಬೇಕಾದವರೂ ನಾವೇ. ಹಿರಿಯ ನಾಯಿಯ ನಿದ್ದೆ, ಜಾಗ, ನೆಮ್ಮದಿಗಳನ್ನು ಖರ್ಚು ಮಾಡಿ ನಾವು ಸಂಭ್ರಮಪಡುವುದೆಂದರೆ ಯಾರದೋ ದುಡ್ಡಿನಲ್ಲಿ ಯಲ್ಲಮ್ಮನ ಜಾತ್ರೆ ಮಾಡಿದಂತೆ.

ನಾಯಿ ಸಂಘಜೀವಿ, ಒಂಟಿತನ ಅದಕ್ಕೆ ಒಗ್ಗದು ಎಂಬ ಆಕ್ಷೇಪ ಬರುತ್ತದೆ. ನಿಜವೇ. ಆದರೆ ಬೀದಿಯ ಮುದಿನಾಯಿಗೆ ಮರಿಗಳ ಕಾಟ ಹೆಚ್ಚಾದರೆ ಎದ್ದುಹೋಗಿ ಇನ್ನೊಂದು ಕಾರಿನ ಕೆಳಗೆ ಮಲಗುವ ಸ್ವಾತಂತ್ರ್ಯವಿದೆ. ಮನೆಯ ನಾಯಿಗೆ ಅದಿಲ್ಲ. ಬಾಗಿಲಿನ ಚಿಲಕ ನಮ್ಮ ಕೈಯಲ್ಲಿದೆ. ತಪ್ಪಿಸಿಕೊಳ್ಳಲಾಗದ ಸಹವಾಸವನ್ನು ಜೊತೆ ಎನ್ನಲಾಗದು. ಮೊದಲ ಮಗುವಿನ ಅಪ್ಪಣೆ ಕೇಳಿ ಎರಡನೆಯದನ್ನು ಹೆರುತ್ತಾರೆಯೇ ಎಂದೂ ಕೆಲವರು ಕೇಳಬಹುದು. ಮಗು ತನ್ನ ದೂರನ್ನು ಬಾಯಿಬಿಟ್ಟು ಹೇಳುತ್ತದೆ, ಶಾಲೆಗೆ ಹೋಗುತ್ತದೆ, ಬೆಳೆದು ಬೇರೆ ಮನೆ ಮಾಡುತ್ತದೆ. ದೊಡ್ಡ ತಳಿಯ ನಾಯಿಗೆ ಹತ್ತು ವರ್ಷವೆಂದರೆ ಇಳಿವಯಸ್ಸು. ಹೊಂದಿಕೊಂಡು ಮುಂದೆ ಸುಖಪಡಲು ಅದಕ್ಕೆ ಹೆಚ್ಚು ಕಾಲ ಉಳಿದಿಲ್ಲ. ಸೊಂಟದ ಕೀಲು ನೋಯುತ್ತಿರುವಾಗ ಸೂಜಿಹಲ್ಲಿನ ಮರಿ ಮೈಮೇಲೆ ಜಿಗಿದರೆ ಅದಕ್ಕೆ ಆಟವೆನಿಸುವುದಿಲ್ಲ.

‘ದೊಡ್ಡದು ಚಿಕ್ಕದಕ್ಕೆ ಬುದ್ಧಿ ಕಲಿಸುತ್ತದೆ ಬಿಡಿ’ ಎಂಬುದು ಇನ್ನೊಂದು ಸಮಾಧಾನ. ಇದರಲ್ಲಿ ಹುರುಳಿದೆ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅಮೆರಿಕದಲ್ಲಿ ನಡೆಸಿ 1965ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರರಿಂದ ಹನ್ನೆರಡು ವಾರಗಳ ನಡುವಿನ ಅವಧಿ ಮರಿಯ ಸಾಮಾಜಿಕ ಕಲಿಕೆಗೆ ನಿರ್ಣಾಯಕ. ಹಲ್ಲು ಎಷ್ಟು ಊರಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮರಿ ಇತರ ನಾಯಿಗಳಿಂದ ಚೆನ್ನಾಗಿ ಕಲಿಯುತ್ತದೆ. ಆದರೆ ಪಾಠ ಹೇಳುವವರಿಗೆ ಗದರುವ ಅಧಿಕಾರವೂ ಬೇಕಲ್ಲ? ಹಿರಿಯ ನಾಯಿ ಮೊದಲು ಮುಖ ತಿರುಗಿಸುತ್ತದೆ, ಮೈ ಬಿಗಿಹಿಡಿಯುತ್ತದೆ, ತುಟಿ ಎತ್ತುತ್ತದೆ, ಆಮೇಲೆ ಗುರ್ರೆನ್ನುತ್ತದೆ. ಅಷ್ಟರಲ್ಲಿ ನಾವು ಓಡಿಬಂದು ಬೈಯುತ್ತೇವೆ. ಪದೇ ಪದೇ ಬೈಸಿಕೊಂಡ ನಾಯಿ ಗುರ್ರೆನ್ನುವುದನ್ನು ಬಿಡಬಹುದು, ಸಿಟ್ಟನ್ನಲ್ಲ. ಆಗ ಉಳಿಯುವುದು ಮುನ್ಸೂಚನೆಯಿಲ್ಲದ ಕಡಿತ. ಸಂಬಳವಿಲ್ಲದ ಮೇಷ್ಟ್ರನ್ನಾಗಿ ನೇಮಿಸಿ ಬಾಯಿಗೂ ಬೀಗ ಹಾಕುವ ಈ ಪದ್ಧತಿ ಅನ್ಯಾಯವೂ ಹೌದು, ಅಪಾಯಕಾರಿಯೂ ಹೌದು.

ಹಿರಿಯ ನಾಯಿಗೇ ಮೊದಲು ಊಟ, ಮೊದಲು ಮುದ್ದು ಎಂಬ ಸಲಹೆ ಹಳೆಯದು. ಅದಕ್ಕೆ ಕೊಡುತ್ತಿದ್ದ ಕಾರಣ, ಗುಂಪಿನಲ್ಲಿ ಒಬ್ಬ ‘ಆಲ್ಫಾ’, ಅಂದರೆ ಯಜಮಾನ, ಇರಬೇಕು ಎಂಬುದು. ರುಡಾಲ್ಫ್ ಶೆಂಕೆಲ್ 1947ರಲ್ಲಿ, ಬಂಧನದಲ್ಲಿ ಒಟ್ಟುಗೂಡಿಸಿದ್ದ ತೋಳಗಳನ್ನು ನೋಡಿ ಬರೆದದ್ದು ಈ ಕಲ್ಪನೆಗೆ ಬುನಾದಿ. 1970ರ ತಮ್ಮ ಪುಸ್ತಕದಲ್ಲಿ ಅದನ್ನು ಜನಪ್ರಿಯಗೊಳಿಸಿದ ಡೇವಿಡ್ ಮೀಚ್ ಅವರೇ 1999ರಲ್ಲಿ, ಕಾಡಿನ ತೋಳದ ಗುಂಪು ಬಹುಮಟ್ಟಿಗೆ ತಂದೆತಾಯಿ ಮತ್ತು ಮಕ್ಕಳ ಕುಟುಂಬ, ಅಲ್ಲಿ ಆ ಪದವಿ ಹೊಂದದು ಎಂದು ಬರೆದರು. ಬುನಾದಿ ಕುಸಿದರೂ ಸಲಹೆ ನಿಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ, ಬೇರೆ ಕಾರಣಕ್ಕೆ. ಹತ್ತು ವರ್ಷ ಒಂದೇ ಹೊತ್ತಿಗೆ ಊಟ, ಒಂದೇ ಮೂಲೆಯಲ್ಲಿ ನಿದ್ದೆ ಎಂದು ಅಭ್ಯಾಸ ಮಾಡಿಸಿದವರು ನಾವು. ಅದು ನಾವು ಕೊಟ್ಟ ಮಾತಿಗೆ ಸಮ. ಮರಿಗೆ ಅಂಥ ಮಾತು ಇನ್ನೂ ಕೊಟ್ಟಿಲ್ಲ.

ಮಾತು, ನ್ಯಾಯ ಇವೆಲ್ಲ ನಾಯಿಗೆ ತಿಳಿಯುತ್ತವೆಯೇ, ನಮ್ಮ ಭಾವನೆಯನ್ನು ಅದಕ್ಕೆ ಆರೋಪಿಸುತ್ತಿದ್ದೇವಲ್ಲವೇ? ಇದು ಗಟ್ಟಿಯಾದ ಆಕ್ಷೇಪ. ವಿಯೆನ್ನಾದಲ್ಲಿ ಫ್ರೀಡೆರಿಕೆ ರಾಂಗೆ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆರವಿಗೆ ಬರುತ್ತದೆ. ಅಕ್ಕಪಕ್ಕ ಕೂತ ಎರಡು ನಾಯಿಗಳು ಹೇಳಿದಾಗ ಪಂಜ ಕೊಡಬೇಕು. ಒಂದಕ್ಕೆ ತಿನಿಸು ಸಿಕ್ಕಿ ಇನ್ನೊಂದಕ್ಕೆ ಸಿಗದಿದ್ದಾಗ, ಸಿಗದ ನಾಯಿ ಬೇಗನೆ ಪಂಜ ಕೊಡುವುದನ್ನು ನಿಲ್ಲಿಸಿತು. ಒಂಟಿಯಾಗಿದ್ದಾಗ ತಿನಿಸಿಲ್ಲದೆಯೂ ಅದು ಹೆಚ್ಚು ಸಲ ಕೊಡುತ್ತಿತ್ತು. ಆದರೆ ಒಂದಕ್ಕೆ ಸಾಸೇಜ್, ಇನ್ನೊಂದಕ್ಕೆ ಬರೀ ಬ್ರೆಡ್ಡು ಕೊಟ್ಟಾಗ ತಕರಾರಿರಲಿಲ್ಲ. ಇದರಿಂದ ನಾಯಿಗೆ ಧರ್ಮಶಾಸ್ತ್ರ ಗೊತ್ತೆಂದು ಸಾಧಿಸಲಾಗದು. ಪಾಲು ಹೆಚ್ಚೋ ಕಡಿಮೆಯೋ ಎಂಬ ಲೆಕ್ಕಕ್ಕಿಂತ, ತನ್ನನ್ನು ಪೂರ್ತಿ ಬಿಟ್ಟರು ಎಂಬುದು ಅದಕ್ಕೆ ತಟ್ಟುತ್ತದೆ ಎನ್ನಲಂತೂ ಅಡ್ಡಿಯಿಲ್ಲ. ಹಾಗಿದ್ದರೆ ತಕ್ಕಡಿ ಹಿಡಿದು ಸಮಪಾಲು ಹಂಚುವ ಚಿಂತೆ ಬೇಡ. ಮರಿಯಿಲ್ಲದ ಒಂದು ನಡಿಗೆ, ಮರಿ ನುಗ್ಗಲಾಗದ ಒಂದು ಮೂಲೆ, ಬೇರೆ ತಟ್ಟೆ, ನಾವು ಮನೆಯಲ್ಲಿಲ್ಲದಾಗ ಎರಡನ್ನೂ ಬೇರೆಬೇರೆ ಇಡುವುದು, ಇಷ್ಟು ನಡೆಸಿದರೆ ಹೆಚ್ಚಿನ ಋಣ ತೀರುತ್ತದೆ. ಇಷ್ಟಕ್ಕೂ ಪುರುಸೊತ್ತಿಲ್ಲದವರು ಮರಿ ತರಬಾರದು.

ತರಲೇಬೇಕೆಂದಿದ್ದರೆ, ಮರಿಗೆ ಹೆಸರು ಹುಡುಕುವ ಮುನ್ನ ಹಿರಿಯ ನಾಯಿಯನ್ನು ಪಶುವೈದ್ಯರಿಗೆ ತೋರಿಸಿ. ಕೀಲುನೋವಿದ್ದರೆ ಅದು ಹತೋಟಿಗೆ ಬರುವವರೆಗೆ ಮರಿಯ ಮಾತು ಬೇಡ.